ಆಕೆ ಸಹಿ ಹಾಕದ ಪದಗಳು

ನಾನು ಕೆಲಸಕ್ಕಿದ್ದ ವಕೀಲರಿಗೆ ಗಂಡಂದಿರನ್ನು ವರ್ಣಿಸಲು ನಾಲ್ಕೇ ಇಂಗ್ಲಿಷ್ ಪದ ಸಾಕಾಗುತ್ತಿತ್ತು. ಕ್ರೂಯಲ್, ಕ್ಯಾಲಸ್, ಹಾರ್ಟ್‌ಲೆಸ್, ಇನ್‌ಹ್ಯೂಮನ್. ವಿಚ್ಛೇದನ ಕೇಳಿ ಬಂದ ಹೆಂಗಸು ಯಾರೇ ಆಗಿರಲಿ, ಅವಳ ಗಂಡ ಬೆಳ್ಳಿ ಗೆಜ್ಜೆ ಮಾಡುವವನಿರಲಿ, ಲಾರಿ ಓಡಿಸುವವನಿರಲಿ, ಮೇಷ್ಟರಾಗಿರಲಿ, ಅರ್ಜಿಯ ಐದನೇ ಪ್ಯಾರಾದಲ್ಲಿ ಈ ನಾಲ್ಕೂ ಇದೇ ವರಸೆಯಲ್ಲಿ ಬರಬೇಕು. ಡಿಕ್ಟೇಷನ್ ಕೊಡುತ್ತಾ ಕೊಡುತ್ತಾ ಆ ಜಾಗಕ್ಕೆ ಬಂದಾಗ ಅವರು ಪದಗಳನ್ನು ಹೇಳುತ್ತಲೂ ಇರಲಿಲ್ಲ. "ಅಂದ ನಾಲು ವಾರ್ತೈ ಪೋಟ್ಟುಕ್ಕೋಮ್ಮಾ" ಅಂದು ಒಂದು ಗುಟುಕು ನೀರು ಕುಡಿಯುತ್ತಿದ್ದರು. ಆ ನಾಲ್ಕು ಪದ ಹಾಕಿಕೋ ಅಂತ. ಅವರು ಲೋಟ ಕೆಳಗಿಡುವುದರೊಳಗೆ ನನ್ನ ಪೆನ್ಸಿಲ್ಲು ಆ ನಾಲ್ಕನ್ನೂ ಬರೆದು ಮುಗಿಸಿರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಸೇಲಂ ಕೋರ್ಟಿಗೆ ಹತ್ತಿರದ ಒಂದು ಬೀದಿಯಲ್ಲಿ, ಹೋಟೆಲಿನ ಮಹಡಿ ಮೇಲೆ ನಮ್ಮ ಆಫೀಸು. ಎರಡು ಕೋಣೆ. ಮುಂದಿನದರಲ್ಲಿ ನಾನು, ನನ್ನ ಟೈಪ್‌ರೈಟರು, ಕಕ್ಷಿದಾರರು ಕೂರುವ ಒಂದು ಬೆಂಚು. ಹಿಂದಿನದರಲ್ಲಿ ವಕೀಲರು. ಅವರು ಹನ್ನೊಂದಕ್ಕೆ ಕೋರ್ಟಿಗೆ ಹೋದರೆ ನಾಲ್ಕರ ತನಕ ಬರುತ್ತಿರಲಿಲ್ಲ. ಅಷ್ಟು ಹೊತ್ತೂ ನಾನೊಬ್ಬಳೇ. ಕೆಳಗೆ ಹೋಟೆಲಿನಲ್ಲಿ ಲೋಟಗಳ ಸದ್ದು, ಬೀದಿಯಲ್ಲಿ ಬಸ್ಸಿನ ಹಾರನ್ನು. ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಮನೆಯಲ್ಲೂ ಇರಲಿಲ್ಲ. ನಮ್ಮದು ಕನ್ನಡ ಮಾತಾಡುವ ನೇಕಾರರ ಮನೆ. ಅಪ್ಪನ ಗುಂಡಿ ಮಗ್ಗದಲ್ಲಿ ಈಗ ಅಣ್ಣ ಕೂರುತ್ತಿದ್ದ. ಅಪ್ಪ ಹೋಗಿ ಬಹಳ ವರ್ಷ, ಅಮ್ಮ ಹೋಗಿ ಮೂರು ವರ್ಷ ಆಗಿತ್ತು. ಮನೆಯಲ್ಲಿ ಅಣ್ಣ, ಅತ್ತಿಗೆ, ಸ್ಕೂಲಿಗೆ ಹೋಗುವ ಅವರ ಮಗಳು, ಮತ್ತೆ ಇಪ್ಪತ್ತಾರು ದಾಟಿದ ನಾನು. ಅಣ್ಣ ನನಗೊಂದು ಗಂಡು ನೋಡಿದ್ದ. ಎಡಪ್ಪಾಡಿ ಕಡೆಯವರು, ಹೆಂಡತಿ ತೀರಿಕೊಂಡವರು, ಇಬ್ಬರು ಮಕ್ಕಳು. ನನ್ನನ್ನು ಕೇಳದೆ ಅವರಿಗೆ ಮಾತು ಕೊಟ್ಟು ಬಂದಿದ್ದ. ಅವರೆಲ್ಲಾ ಬಂದು ಚಾಪೆ ಮೇಲೆ ಕೂತಿದ್ದಾಗ ನಾನು ಕಾಫಿ ತಟ್ಟೆ ಹಿಡಿದುಕೊಂಡೇ "ನನ್ಗಿದು ಬ್ಯಾಡ ಅಣ್ಣಾ" ಅಂದುಬಿಟ್ಟೆ. ಅಷ್ಟು ಜನರ ಮುಂದೆ ಹೇಳಬಾರದಿತ್ತೇನೋ. ಮೊದಲೇ ಹೇಳಲು ಧೈರ್ಯ ಬಂದಿರಲಿಲ್ಲ, ಆಮೇಲೆ ಹೇಳಲು ಕಾಲ ಇರುತ್ತಿರಲಿಲ್ಲ.

ಅವರು ಎದ್ದು ಹೋದ ಮೇಲೆ ಅಣ್ಣ ಹೇಳಿದ್ದು ಒಂದೇ ಮಾತು.

"ನನ್ ಮಾತಿಗೆ ಬೆಲೆ ಇಲ್ದ ಮ್ಯಾಲೆ ನಿನ್ ತಾವ ನನ್ಗೆ ಮಾತ್ಯಾಕೆ?"

ಕೋಪದಲ್ಲಿ ಹೇಳಿದ್ದು, ಎರಡು ದಿನದಲ್ಲಿ ಸರಿಯಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ವಾರ, ತಿಂಗಳು, ವರ್ಷ ಆಯಿತು. ಒಂದೇ ಸೂರು, ಒಂದೇ ಹಜಾರ. ನಾನು ಬೆಳಿಗ್ಗೆ ಮಗ್ಗದ ಪಕ್ಕದಲ್ಲೇ ಹಾದು ಹೊರಗೆ ಹೋಗಬೇಕು, ಸಾಯಂಕಾಲ ಅದೇ ದಾರಿಯಲ್ಲಿ ಒಳಗೆ ಬರಬೇಕು. ಅವನು ಹಾಸಿನ ಎಳೆಗಳಿಂದ ಕಣ್ಣು ಎತ್ತುತ್ತಿರಲಿಲ್ಲ. ನನಗೇನಾದರೂ ಹೇಳಬೇಕಾದರೆ ಅತ್ತಿಗೆಯ ಮೂಲಕ. "ಲೈಟ್ ಆರ್ಸು ಅಂತ ಅವ್ಳಿಗೆ ಏಳು." ನಾನು ಅಲ್ಲೇ ಮೂರು ಅಡಿ ದೂರದಲ್ಲಿ ಕೂತಿರುತ್ತಿದ್ದೆ.

ಆಫೀಸಿನ ಬೀರುವಿನಲ್ಲಿ ಒಂದು ದಪ್ಪ ಇಂಗ್ಲಿಷ್-ತಮಿಳು ಡಿಕ್ಷನರಿ ಇತ್ತು. ಬೆನ್ನು ಕಿತ್ತುಹೋಗಿ ಎರಡು ಭಾಗವಾಗಿತ್ತು. ಮಧ್ಯಾಹ್ನ ಮೊಸರನ್ನ ತಿನ್ನುತ್ತಾ ಅದನ್ನು ತೆರೆದುಕೊಳ್ಳುತ್ತಿದ್ದೆ. ದಿನಾ ಟೈಪ್ ಮಾಡುವ ನಾಲ್ಕು ಪದಗಳ ಅರ್ಥವನ್ನಾದರೂ ಸರಿಯಾಗಿ ತಿಳಿಯೋಣ ಅಂತ ಶುರುವಾದದ್ದು. ಒಂದು ಪದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಿತ್ತು. ಹಾರ್ಷ್, ರೂತ್‌ಲೆಸ್, ಸ್ಪೈಟ್‌ಫುಲ್, ಅನ್‌ಫೀಲಿಂಗ್, ಹಾರ್ಡ್-ಹಾರ್ಟೆಡ್, ಮೀನ್. ಕರುಣೆ ಇಲ್ಲದ ಜನರಿಗೆ ಇಂಗ್ಲಿಷಿನವರು ಇಷ್ಟೊಂದು ಹೆಸರಿಟ್ಟಿದ್ದಾರಲ್ಲ ಅಂತ ನನಗೆ ಆಶ್ಚರ್ಯ. ಮನೆಯಲ್ಲಿ ನಾವು ಹೆಚ್ಚೆಂದರೆ "ಕಲ್ ಮನ್ಸು" ಅನ್ನುತ್ತಿದ್ದೆವು. ಸಿಟ್ಟು ಬಂದರೆ ಪಾಪಿ ಅನ್ನಲು "ಪಾವಿ" ಅಂತ ತಮಿಳಿಗೆ ಹಾರುತ್ತಿದ್ದೆವು. ಅಲ್ಲಿಗೆ ಮುಗಿಯುತ್ತಿತ್ತು.

ಆ ಪದಗಳನ್ನು ನಾನು ಮನೆಗೆ ಒಯ್ಯತೊಡಗಿದೆ. ಅತ್ತಿಗೆ ಸಾರಿನ ಪಾತ್ರೆಯನ್ನು ನನ್ನ ಕೈಗೆ ಎಟುಕದ ಕಡೆ ಇಟ್ಟರೆ ಒಳಗೊಳಗೇ ಸ್ಪೈಟ್‌ಫುಲ್ ಅನ್ನುತ್ತಿದ್ದೆ. ಅಣ್ಣ ನನ್ನ ಚಪ್ಪಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರೆ ಅನ್‌ಫೀಲಿಂಗ್. ಆ ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಆದ್ದರಿಂದ ಹೊರಗೆ ಅಂದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅನ್ನುತ್ತಿರಲಿಲ್ಲ, ಅಷ್ಟೇ. ಬೈದ ಹಾಗೂ ಆಗುತ್ತಿತ್ತು, ಬಾಯಿ ಬಿಡದ ಹಾಗೂ ಆಗುತ್ತಿತ್ತು. ಅದರಲ್ಲಿ ಒಂದು ಥರ ಸುಖ ಇತ್ತು ಅಂತ ಈಗ ಒಪ್ಪಿಕೊಳ್ಳಬೇಕು.

ಒಂದು ಪದ ಮಾತ್ರ ನನ್ನನ್ನು ತಡೆಯಿತು. ಕ್ಯಾಲಸ್ ಅಂದರೆ ಮೂಲದಲ್ಲಿ ಜಡ್ಡುಗಟ್ಟಿದ ಚರ್ಮ ಅಂತ ಡಿಕ್ಷನರಿ ಹೇಳಿತು. ನಮ್ಮಪ್ಪನ ಅಂಗೈ ತುಂಬಾ ಜಡ್ಡೇ ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅದೇ ಕೈಯನ್ನು ನನ್ನ ಹಣೆ ಮೇಲೆ ಇಡುತ್ತಿದ್ದರು. ಆ ಪದವನ್ನು ನಾನು ಮನೆಗೆ ಒಯ್ಯಲಿಲ್ಲ.

ಆ ವರ್ಷ ಪೊಂಗಲ್ ಕಳೆದು ಒಂದು ವಾರಕ್ಕೆ ಮಾರಂಡಹಳ್ಳಿಯಿಂದ ಅಪ್ಪ ಮಗಳು ಇಬ್ಬರು ಬಂದರು. ಅಪ್ಪ ರಾಗಿ, ಬೀನ್ಸು ಬೆಳೆಯುವ ರೈತ. ಹೆಗಲ ಮೇಲಿನ ಟವಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತರು. ಮಗಳಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ಇರಬಹುದು. ಬಸ್ಸಿನ ಧೂಳು ಮುಖದ ಮೇಲೆ ಇನ್ನೂ ಇತ್ತು. ಸೇಲಂನಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದವನಿಗೆ ಕೊಟ್ಟು ಮದುವೆ ಮಾಡಿದ್ದರು. ಅವರೂ ಕನ್ನಡದವರೇ. ನಾಲ್ಕು ವರ್ಷ ಸಂಸಾರ ಮಾಡಿ, ದೀಪಾವಳಿಗೆ ಅಂತ ತವರಿಗೆ ಹೋದವಳು ವಾಪಸ್ ಬಂದಿರಲಿಲ್ಲ.

ವಕೀಲರು ಇಬ್ಬರನ್ನೂ ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ನನಗೂ ಕರೆ ಬಂತು. ಆ ಹುಡುಗಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಗಂಡನ ವಿಷಯ ಬಂದ ಕೂಡಲೇ ಕನ್ನಡಕ್ಕೆ ಹೋಗಿಬಿಡುತ್ತಿದ್ದಳು, ವಕೀಲರಿಗೆ ತಿಳಿಯುತ್ತಿರಲಿಲ್ಲ. "ನೀನು ಕೇಳಿ ನನಗೆ ಹೇಳಮ್ಮಾ" ಅಂದರು.

"ಏನ್ ಮಾಡ್ದ ನಿನ್ ಗಂಡ?" ಅಂತ ಕೇಳಿದೆ.

"ಏನೂ ಮಾಡ್ನಿಲ್ಲ ಅಕ್ಕಾ. ಮಾತಾಡಾಕಿಲ್ಲ."

"ಜಗಳ ಆದಾಗ್ಲಾ?"

"ಜಗ್ಳಾನೂ ಆಗ್ನಿಲ್ಲ. ಮದ್ವೆ ಆದ ಇಪ್ಪತ್ ದಿನ ಮಾತಾಡಿದ್ರು. ಸಿನಿಮಾಕ್ಕೂ ಕರ್ಕಂಡೋದ್ರು. ಆಮ್ಯಾಕೆ ನಿಂತೋಯ್ತು."

ಗಂಡ ಬೆಳಿಗ್ಗೆ ಎದ್ದು ಪೇಪರ್ ಓದಿ, ಸ್ನಾನ ಮಾಡಿ, ತಿಂದು ಆಫೀಸಿಗೆ ಹೋಗುತ್ತಿದ್ದ. ಸಾಯಂಕಾಲ ಬಂದು ರೇಡಿಯೋ ಹಾಕುತ್ತಿದ್ದ. ಅತ್ತೆ ಇರುವ ತನಕ ಅತ್ತೆಗೆ ಒಂದೆರಡು ಮಾತು ಹೇಳುತ್ತಿದ್ದ. ಅತ್ತೆ ಹಿರಿಯ ಮಗನ ಮನೆಗೆ ಹೋದ ಮೇಲೆ ಅದೂ ಇಲ್ಲ. ಇವಳಿಗೆ ಜ್ವರ ಬಂದಾಗ ಬ್ರೆಡ್ಡು, ಮಾತ್ರೆ ತಂದು ತಲೆದಿಂಬಿನ ಪಕ್ಕ ಇಟ್ಟು ಹೋದ. ಹೇಗಿದೆ ಅಂತ ಕೇಳಲಿಲ್ಲ. ಒಂದು ಸಲ ಇವಳು ಬೇಕೆಂದೇ ಒಂದು ವಾರ ಸಾರಿಗೆ ಉಪ್ಪು ಹಾಕಲಿಲ್ಲ. ಸುಮ್ಮನೆ ಉಂಡ. ಮುಂದಿನ ವಾರ ಬಾಯಿಗೆ ಇಡಲಾಗದಷ್ಟು ಹಾಕಿದಳು. ಅದನ್ನೂ ಉಂಡು, ಎರಡು ಚೊಂಬು ನೀರು ಕುಡಿದು ಎದ್ದ.

"ಅವತ್ತು ನನ್ಗೆ ಭಯ ಆಯ್ತಕ್ಕಾ" ಅಂದಳು. "ಬೈದಿದ್ರೆ ಆಯ್ತಿರ್ನಿಲ್ಲ."

ನಾನು ತಮಿಳಿನಲ್ಲಿ ಹೇಳಿದೆ. ವಕೀಲರು ಗಡಿಯಾರ ನೋಡಿಕೊಂಡರು. ಕೆಟ್ಟವರಲ್ಲ ಅವರು, ಬಡವರಿಂದ ಹೆಚ್ಚು ಕೀಳುತ್ತಲೂ ಇರಲಿಲ್ಲ. ಅವಸರ ಅಷ್ಟೇ. "ಪೇಸಲೈನ್ನು ಜಡ್ಜ್‌ಕಿಟ್ಟೆ ಎಪ್ಪಡಿ ಸೊಲ್ರದು?" ಅಂದರು. ಮಾತಾಡಲಿಲ್ಲ ಅಂತ ಜಡ್ಜ್ ಮುಂದೆ ಹೇಗೆ ಹೇಳುವುದು? ಆಮೇಲೆ ಎಂದಿನ ಹಾಗೆ ಡಿಕ್ಟೇಷನ್ ಶುರು ಮಾಡಿದರು. ಕುಡಿದು ಬಂದು ಹೊಡೆದ, ಒಡವೆ ತಾ ಅಂತ ಹಿಂಸಿಸಿದ, ಊಟ ಹಾಕಲಿಲ್ಲ. ಅಂದ ನಾಲು ವಾರ್ತೈ.

ನಾನು ಹೊರಗೆ ಬಂದು ಟೈಪ್ ಮಾಡಿದೆ. ಸಹಿಗೆ ಅಂತ ಕಾಗದವನ್ನು ಆ ಹುಡುಗಿಯ ಮುಂದೆ ಇಟ್ಟೆ. ಬೇರೆಯವರೆಲ್ಲಾ ತೋರಿಸಿದ ಕಡೆ ಸಹಿ ಹಾಕಿಬಿಡುತ್ತಿದ್ದರು. ಇವಳು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಇದ್ರಾಗೆ ಏನೈತೆ ಅಕ್ಕಾ?"

ಯಾರೂ ಕೇಳಿರದ ಪ್ರಶ್ನೆ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಆಕೆ ಪೆನ್ನನ್ನು ಟೇಬಲ್ ಮೇಲೆ ಇಟ್ಟಳು.

"ನಾನಿದ್ಕೆ ಸೈನ್ ಆಕಾಕಿಲ್ಲ. ಅವ್ರು ಒಡ್ದೇ ಇಲ್ಲ."

ಅಪ್ಪ ಬೆಂಚಿನಿಂದ ಮುಂದಕ್ಕೆ ಬಾಗಿದರು. "ಆಕಮ್ಮಾ. ಒಡ್ದ ಅಂತ ಬರ್ಕಂಡ್ರೆ ಏನಾಯ್ತದೆ? ಸಾಮಿಗೆ ಗೊತ್ತಿರಾಕಿಲ್ವಾ?"

"ನಾಳೆ ಕೋರ್ಟ್ನಾಗೆ ಅವ್ರ ಮೊಕ ನೋಡ್ಬೇಕಲ್ಲಪ್ಪಾ ನಾನು."

ವಕೀಲರು ಕೋಟು ಹಾಕಿಕೊಂಡು ಹೊರಗೆ ಬಂದರು. ವಿಷಯ ತಿಳಿದು ಒಂದು ಸಲ ಹಣೆ ಉಜ್ಜಿಕೊಂಡರು. ನಾಲ್ಕು ಗಂಟೆಗೆ ಬರುತ್ತೇನೆ, ಅಷ್ಟರೊಳಗೆ ಈ ಹುಡುಗಿ ಒಪ್ಪುವ ಹಾಗೆ ಏನಾದರೂ ಪದ ಹುಡುಕು ಅಂತ ನನಗೆ ಹೇಳಿ ಮೆಟ್ಟಿಲು ಇಳಿದು ಹೋದರು. ತಮಾಷೆಗೆ ಅಂದದ್ದಿರಬೇಕು. ನಾನು ಬೀರು ತೆರೆದು ಡಿಕ್ಷನರಿಯ ಎರಡು ಭಾಗವನ್ನೂ ತಂದು ಟೇಬಲ್ ಮೇಲೆ ಇಟ್ಟೆ. ಅಪ್ಪ ಊಟ ಮಾಡಿ ಬರುತ್ತೇನೆ ಅಂತ ಕೆಳಗೆ ಇಳಿದರು. ನಾವಿಬ್ಬರೇ ಉಳಿದೆವು.

ನಾನು ಪದ ಓದುವುದು, ಅದನ್ನು ಕನ್ನಡಕ್ಕೆ ತರುವುದು. ಆಕೆ ಯೋಚಿಸಿ ತೀರ್ಪು ಹೇಳುವುದು.

"ಕ್ರೂಯಲ್. ಅಂದ್ರೆ ನೋವು ಕೊಟ್ಟು ಸುಖ ಪಡೋನು."

"ಅಲ್ಲ ಅಕ್ಕಾ. ಬೀದಿ ನಾಯಿಗೆ ದಿನಾ ಅನ್ನ ಆಕ್ತಾರೆ."

"ಸ್ಪೈಟ್‌ಫುಲ್. ಒಟ್ಟೆ ಉರಿಗೆ ಬೇಕಂತ ತೊಂದ್ರೆ ಕೊಡೋನು."

"ಅದೂ ಅಲ್ಲ."

"ಮೀನ್. ಸಣ್ಣ ಬುದ್ಧಿಯೋನು. ಬೇರೆಯೋರಿಗೆ ಕೊಡಾಕೆ ಮನ್ಸಿಲ್ದೋನು."

"ಸೀರೆ ಬೇಕಾ ಅಂತ ಕೇಳಾಕಿಲ್ಲ. ತಂದು ಕುರ್ಚಿ ಮ್ಯಾಲೆ ಇಟ್ಟಿರ್ತಾರೆ. ಒಳ್ಳೆ ಸೀರೇನೇ."

"ಹಾರ್ಟ್‌ಲೆಸ್. ಎದೆ ಒಳ್ಗೆ ಏನೂ ಇಲ್ದೋನು."

"ಒಳ್ಗೆ ಏನೈತೆ ಅಂತ ನನ್ಗೆ ಯಂಗ್ ಗೊತ್ತಾಯ್ತದೆ? ಬಾಯಿ ಬಿಟ್ರೆ ತಾನೆ" ಅಂದಳು. ಹೇಳಿ ತಾನೇ ನಕ್ಕಳು. ನನಗೂ ನಗು ಬಂತು. ಆ ಕೋಣೆಯಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೇ ಮೊದಲು.

ಹೀಗೆ ಒಂದು ಗಂಟೆಯೇ ಆಗಿರಬೇಕು. ಐ ಅಕ್ಷರದಲ್ಲಿ ಇನ್‌ಡಿಫರೆಂಟ್ ಸಿಕ್ಕಿತು. ಅದಕ್ಕೆ ತಮಿಳಿನಲ್ಲಿ ಕೊಟ್ಟಿದ್ದ ಅರ್ಥ ಉದ್ದವಾಗಿತ್ತು, ಪುಸ್ತಕದ ಭಾಷೆ. ಕನ್ನಡದಲ್ಲಿ ಹೇಗೆ ಹೇಳುವುದು ಅಂತ ಯೋಚಿಸಿದೆ. ಆಮೇಲೆ ಹೇಳಿದೆ.

"ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅನ್ನಂಗೆ ಇರೋನು."

ಕೆಳಗೆ ಹೋಟೆಲಿನಲ್ಲಿ ಯಾರೋ ಕಾಫಿಗೆ ಕೂಗಿದರು. ಆಕೆಯ ಕಣ್ಣು ತುಂಬಿತು, ಆದರೆ ನೀರು ಹೊರಗೆ ಬರಲಿಲ್ಲ.

"ಅದೇ ಅಕ್ಕಾ. ಅದನ್ನೇ ಬರೀರಿ."

ಆ ಪದದ ಕೆಳಗೆ ನಾನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ಸರಿಯಾಗಿ ನಿಮ್ಗೆ ಯಂಗ್ ಗೊತ್ತಾಯ್ತು? ಪುಸ್ತಕ್ದಾಗೆ ಅಂಗೇ ಐತಾ?"

ಇಲ್ಲ ಅಂದೆ. ಆಮೇಲೆ ಯಾಕೆ ಹೇಳಿದೆನೋ ಗೊತ್ತಿಲ್ಲ, ಅಣ್ಣನ ವಿಷಯ ಹೇಳಿದೆ. ಯಾರ ಹತ್ತಿರವೂ ಬಾಯಿ ಬಿಟ್ಟಿರದ ವಿಷಯ. ಗಂಡು ನೋಡಲು ಬಂದದ್ದು, ಕಾಫಿ ತಟ್ಟೆ, ಅಣ್ಣನ ಆ ಒಂದು ಮಾತು, ಒಂದು ವರ್ಷ ಎಂಟು ತಿಂಗಳು. ಆಕೆ ಪೂರ್ತಿ ಕೇಳಿದಳು. ಪಾಪ ಅನ್ನುತ್ತಾಳೆ ಅಂತ ಕಾದೆ.

"ನೀವು ಮಾತಾಡ್ಸಿದ್ರಾ?" ಅಂದಳು.

"ಆಂ?"

"ಅವ್ರು ಮಾತಾಡ್ನಿಲ್ಲ, ಸರಿ. ನೀವು ಮಾತಾಡ್ಸಿದ್ರಾ? ನಾನು ನಾಕ್ ವರ್ಷ ದಿನಾ ಮಾತಾಡ್ಸಿದೀನಿ ಅಕ್ಕಾ. ತರ್ಕಾರಿ ಏನ್ ತರ್ಲಿ ಅಂತ, ಮಳೆ ಬತ್ತೈತೆ ಛತ್ರಿ ತಗಳ್ಳಿ ಅಂತ. ಗ್ವಾಡೆಗೆ ಮಾತಾಡ್ದಂಗೆ. ಇನ್ ಆಗಾಕಿಲ್ಲ ಅನ್ನಿಸ್ದಾಗ್ಲೇ ನಾನು ಬಸ್ ಅತ್ತಿದ್ದು."

ಆ ಒಂದು ವರ್ಷ ಎಂಟು ತಿಂಗಳಲ್ಲಿ ನಾನು ಅಣ್ಣನಿಗೆ ಒಂದೇ ಒಂದು ಮಾತೂ ಹೇಳಿರಲಿಲ್ಲ. ಅವನು ಶುರು ಮಾಡಲಿ ಅಂತ ಕಾದಿದ್ದೆ. ಕಾಯುತ್ತಾ ಪದ ಕೂಡಿಸಿಕೊಂಡಿದ್ದೆ.

ನಾಲ್ಕಕ್ಕೆ ವಕೀಲರು ಬಂದು ನನ್ನ ಪೆನ್ಸಿಲ್ ಗೀಟು ನೋಡಿದರು. ಇನ್‌ಡಿಫರೆಂಟ್ ಅನ್ನುವುದಕ್ಕೆಲ್ಲಾ ಕಾನೂನಿನಲ್ಲಿ ಜಾಗ ಇಲ್ಲ ಅಂದರು. ಆದರೆ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡುತ್ತಾ ನಿಂತು, ಮನಸ್ಸಿಗೆ ಕೊಡುವ ಹಿಂಸೆಯೂ ಹಿಂಸೆಯೇ, ಮೆಂಟಲ್ ಕ್ರೂಯಲ್ಟಿ ಅಂತ ಒಂದಿದೆ, ಅದರಲ್ಲಿ ನಡೆಸೋಣ ಅಂದರು. ನಡೆದದ್ದನ್ನು ನಡೆದ ಹಾಗೆ ಬರೆದುಕೊಂಡು ಬಾ ಅಂತ ಮೊದಲ ಸಲ ನನಗೇ ಬಿಟ್ಟರು. ನಾನು ಇಂಗ್ಲಿಷಿನಲ್ಲಿ ನನಗೆ ತಿಳಿದ ಮಟ್ಟಿಗೆ ಬರೆದೆ. ಜ್ವರ, ಬ್ರೆಡ್ಡು, ರೇಡಿಯೋ, ಉಪ್ಪಿಲ್ಲದ ಸಾರು. ಹೊಡೆದ ಅನ್ನುವುದು ಹೋಯಿತು. ನಾಲ್ಕು ಪದಗಳೂ ಹೋದವು. ಆಕೆಗೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಆಕೆ ತಮಿಳು ಅಕ್ಷರದಲ್ಲಿ ನಿಧಾನವಾಗಿ ಸಹಿ ಹಾಕಿದಳು. ಕನ್ನಡ ಅಕ್ಷರ ಆಗ ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ.

ಆ ಸಾಯಂಕಾಲ ಮನೆಗೆ ಹೋದಾಗ ಅಣ್ಣ ಮಗ್ಗದಲ್ಲಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತೆ.

"ಅಣ್ಣಾ, ನಾನ್ ಬಂದೆ."

ಲಾಳಿ ನಿಂತಿತು. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಮತ್ತೆ ಓಡತೊಡಗಿತು. ಅವನು ತಲೆ ಎತ್ತಲಿಲ್ಲ. ಅತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ನನ್ನನ್ನೂ ಅವನನ್ನೂ ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ "ಅಣ್ಣಾ, ಓಗ್ಬತ್ತೀನಿ" ಅಂದೆ. ಸಾಯಂಕಾಲ ಬಂದೆ ಅಂದೆ. ದಿನಾ ಎರಡು ಮಾತು. ಕಷ್ಟವಾಗುತ್ತಿತ್ತು. ಮಾತಾಡದೆ ಇರುವುದಕ್ಕಿಂತ ಮಾತಾಡಿ ಉತ್ತರ ಸಿಗದೆ ಹೋಗುವುದು ಹೆಚ್ಚು ಒಂಟಿ ಅಂತ ನನಗೆ ಗೊತ್ತಿರಲಿಲ್ಲ. ಮಾರಂಡಹಳ್ಳಿಯ ಹುಡುಗಿ ಇದನ್ನು ನಾಲ್ಕು ವರ್ಷ ಹೇಗೆ ಮಾಡಿದಳು ಅಂತ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ.

ಒಂದು ತಿಂಗಳಾದ ಮೇಲೆ ಒಂದು ದಿನ ನಾನು "ಓಗ್ಬತ್ತೀನಿ" ಅಂದಾಗ ಒಳಗಿನಿಂದ ಅತ್ತಿಗೆ "ಊಂ, ಓಗ್ಬಾ" ಅಂದಳು. ಅಣ್ಣ ಕೊಡದ ಉತ್ತರವನ್ನು ಅವಳು ಕೊಟ್ಟಳು. ಆಮೇಲೆ ದಿನಾ ಕೊಟ್ಟಳು. ಒಂದು ಭಾನುವಾರ ಇಬ್ಬರೂ ಹಿತ್ತಲಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಅಣ್ಣ ಹೊರಗೆ ಹೋಗಿದ್ದ. ನಾನು ಧೈರ್ಯ ಮಾಡಿ, "ಅಣ್ಣ ನನ್ ತಾವ ಇನ್ ಮಾತಾಡಾಕೇ ಇಲ್ವಾ ಅತ್ಗೆ?" ಅಂತ ಕೇಳಿದೆ.

ಅವಳು ರಾಟೆ ನಿಲ್ಲಿಸಲಿಲ್ಲ. "ನನ್ ತಾವ ಏನ್ ಮಾತಾಡ್ತಾರೆ ಅಂದ್ಕಂಡಿದ್ದೀಯಾ? ಅವ್ಳಿಗೆ ಇದ್ ಏಳು, ಅವ್ಳಿಗೆ ಅದ್ ಏಳು ಅಂತಾರೆ. ನಿನ್ ವಿಸ್ಯ ಬಿಟ್ರೆ ನನ್ಗೆ ಏಳಾಕೆ ಅವ್ರಿಗೆ ಏನೈತೆ?"

ನಾನು ಅವಳನ್ನು ಸರಿಯಾಗಿ ನೋಡಿದೆ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅವಳಿಗೆ ಮೂವತ್ತಾರು ಇರಬೇಕು ಆಗ. ಎರಡು ವರ್ಷ ನಾನು ಆ ಹೆಂಗಸನ್ನು ಮನಸ್ಸಿನೊಳಗೆ ಇಂಗ್ಲಿಷಿನಲ್ಲಿ ಬೈದಿದ್ದೆ. ಅವಳಿಗೆ ಏನು ಇಷ್ಟ, ಅವಳ ತವರಲ್ಲಿ ಯಾರು ಹೇಗಿದ್ದಾರೆ, ಒಂದೂ ಕೇಳಿರಲಿಲ್ಲ. ಅವತ್ತು ಕೇಳಿದೆ. ಅವಳು ಮೊದಮೊದಲು ಒಂದೊಂದೇ ಮಾತಿನಲ್ಲಿ ಹೇಳಿದಳು, ಆಮೇಲೆ ಬಿಡದೆ ಹೇಳಿದಳು.

ಮಾರಂಡಹಳ್ಳಿ ಕೇಸು ಜುಲೈ ಹೊತ್ತಿಗೆ ಬಂತು. ಇಬ್ಬರನ್ನೂ ಒಂದು ಮಾಡಲು ಆಗುತ್ತದೋ ನೋಡೋಣ ಅಂತ ಜಡ್ಜ್ ತಮ್ಮ ಚೇಂಬರಿಗೇ ಕರೆಸಿದರು. ಕನ್ನಡ ಹೇಳಲು ಬೇಕಾಗಬಹುದು ಅಂತ ವಕೀಲರು ನನ್ನನ್ನೂ ಕರೆದುಕೊಂಡು ಹೋದರು. ಗಂಡನನ್ನು ನಾನು ನೋಡಿದ್ದು ಆಗಲೇ. ತೆಳ್ಳಗಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಟಿಫಿನ್ ಚೀಲ. ಕೋರ್ಟು ಮುಗಿಸಿ ಹಾಗೇ ಆಫೀಸಿಗೆ ಹೋಗುವವನ ಹಾಗೆ. ಅವನು ವಕೀಲರನ್ನೂ ಇಟ್ಟಿರಲಿಲ್ಲ.

ಜಡ್ಜ್ ಅರ್ಜಿಯನ್ನು ತಮಿಳಿನಲ್ಲಿ ಅವನಿಗೆ ವಿವರಿಸಿದರು. ಉಪ್ಪಿನ ವಿಷಯಕ್ಕೆ ಬಂದಾಗ ಒಂದು ಕ್ಷಣ ನಿಂತು ಅವನನ್ನು ನೋಡಿದರು.

"ಇದೆಲ್ಲಾ ಉಣ್ಮೈಯಾ?"

"ಉಣ್ಮೈದಾಂಗ" ಅಂದ. ನಿಜವೇ ಅಂತ.

"ಅವಂಗ ಮೇಲ ಏದಾವದು ತಪ್ಪು ಇರುಕ್ಕಾ?"

"ಇಲ್ಲೀಂಗ. ಅವಂಗ ಮೇಲ ಒರು ತಪ್ಪುಂ ಇಲ್ಲೀಂಗ."

ಹೆಂಡತಿಯದು ಒಂದೂ ತಪ್ಪಿಲ್ಲ ಅಂತ ಅವನು ಬಹುವಚನದಲ್ಲೇ ಹೇಳಿದ. ಹಾಗಾದರೆ ಯಾಕೆ ಮಾತಾಡಲಿಲ್ಲ ಅಂತ ಜಡ್ಜ್ ಕೇಳಿದರು. ಅವನು ಟಿಫಿನ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಫ್ಯಾನು ತಿರುಗುತ್ತಿತ್ತು.

"ಎನ್ನ ಪೇಸರದುನ್ನು ತೆರಿಯಲೀಂಗ" ಅಂದ.

ಏನು ಮಾತಾಡುವುದು ಅಂತ ಗೊತ್ತಾಗಲಿಲ್ಲ. ಅಷ್ಟೇ. ಮುಂದೆ ಜಡ್ಜ್ ಎಷ್ಟು ಕೇಳಿದರೂ ಅವನಿಂದ ಬೇರೆ ಉತ್ತರ ಬರಲಿಲ್ಲ. ಅವರು ಹೇಗೆ ಹೇಳುತ್ತಾರೋ ಹಾಗೇ ಆಗಲಿ, ನನ್ನದೇನೂ ಅಭ್ಯಂತರ ಇಲ್ಲ ಅಂದ. ಇಬ್ಬರೂ ಸೇರಿ ಬಿಡುಗಡೆಗೆ ಹೊಸ ಅರ್ಜಿ ಹಾಕುವುದು ಅಂತ ತೀರ್ಮಾನವಾಯಿತು. ಅವನು ಹೊರಗೆ ಬಂದು, ಮಾವನಿಗೆ ಕೈ ಮುಗಿದು, ಮೆಟ್ಟಿಲು ಇಳಿದು ಹೋದ. ಆಕೆಯ ಕಡೆ ನೋಡಲಿಲ್ಲ.

ಆಕೆ ಕೋರ್ಟಿನ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು.

"ಅಕ್ಕಾ, ಅವ್ರ ದನಿ ಅಷ್ಟು ಮೆತ್ಗೆ ಅನ್ನೋದೇ ನನ್ಗೆ ಮರ್ತೋಗಿತ್ತು."

ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳಪ್ಪ ಟವಲನ್ನು ಕಂಕುಳಲ್ಲಿ ಇಟ್ಟುಕೊಂಡು ದೂರದಲ್ಲಿ ನಿಂತಿದ್ದರು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಏನು ಹೇಳುವುದು ಅಂತ ನನಗೂ ಗೊತ್ತಾಗಲಿಲ್ಲ.

ಮುಂದಿನ ವರ್ಷ ಅವಳ ಬಿಡುಗಡೆ ಆಯಿತು. ಪಾಲಕ್ಕೋಡಿನಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಅಂದಳು. ಕೊನೆಯ ಸಲ ಬಂದಾಗ ಒಂದು ಚೀಲ ಬೀನ್ಸು ತಂದುಕೊಟ್ಟಳು. ಆಮೇಲೆ ಅವಳು ಸೇಲಂಗೆ ಬರುವ ಅಗತ್ಯ ಇರಲಿಲ್ಲ. ಅವಳನ್ನು ಮತ್ತೆ ನೋಡಲಿಲ್ಲ.

ನನಗೆ ಸರ್ಕಾರಿ ಪರೀಕ್ಷೆಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ ಧರ್ಮಪುರಿಗೆ ಹಾಕಿದರು. ಹೋಗುವ ದಿನ ಬೆಳಿಗ್ಗೆ ಅಣ್ಣ ಮಗ್ಗಕ್ಕೆ ಕೂರಲಿಲ್ಲ. ಶರಟು ಹಾಕಿಕೊಂಡು, ನನ್ನ ಟ್ರಂಕನ್ನು ಹೆಗಲಿಗೆ ಏರಿಸಿಕೊಂಡು ಮುಂದೆ ನಡೆದ. ನಾನು ಹಿಂದೆ. ಬಸ್ ಸ್ಟ್ಯಾಂಡ್ ತನಕ ಒಂದು ಮಾತಿಲ್ಲ. ಬಸ್ಸಿನ ಮೇಲೆ ತಾನೇ ಹತ್ತಿ ಟ್ರಂಕು ಇಟ್ಟು, ಕಟ್ಟಿ, ಇಳಿದು ಬಂದು ಕಂಡಕ್ಟರಿಗೆ ತಮಿಳಿನಲ್ಲಿ ಹೇಳಿದ, "ಎನ್ ತಂಗಚ್ಚಿ ಪೆಟ್ಟಿಂಗ. ಪಾತ್ತು ಇರಕ್ಕುಂಗ." ನನ್ನ ತಂಗಿಯ ಪೆಟ್ಟಿಗೆ, ನೋಡಿ ಇಳಿಸಿ. ನಾನು ಕಿಟಕಿ ಪಕ್ಕ ಕೂತು ಕೇಳಿಸಿಕೊಂಡೆ. "ಓಗ್ಬತ್ತೀನಿ ಅಣ್ಣಾ" ಅಂದೆ. ಅವನು ಬಸ್ಸಿನ ಟೈರು ನೋಡುತ್ತಾ ನಿಂತಿದ್ದ.

ಧರ್ಮಪುರಿಯಲ್ಲಿ ಅದಿಯಮಾನ್‌ಕೋಟೆಗೆ ಹೋಗುವ ರಸ್ತೆಯ ಕಡೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ನಾಲ್ಕು ವರ್ಷ ಒಬ್ಬಳೇ ಇದ್ದೆ. ಮನೆ ಒಡತಿ ಒಳ್ಳೆಯವಳು, ಆದರೆ ಕಿವಿ ಕೇಳಿಸುತ್ತಿರಲಿಲ್ಲ. ಭಾನುವಾರಗಳು ಉದ್ದವಾಗಿರುತ್ತಿದ್ದವು. ಅತ್ತಿಗೆ ತಿಂಗಳಿಗೊಂದು ಕಾಗದ ಹಾಕಿಸುತ್ತಿದ್ದಳು. ಮಗಳ ಕೈಯಲ್ಲಿ ಬರೆಸಿದ ತಮಿಳು ಕಾಗದ. ಎಲ್ಲರೂ ಸೌಖ್ಯ ಅಂತ ಇರುತ್ತಿತ್ತು. ಅಣ್ಣನ ಹೆಸರಿನಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲಾ ಬಾಗಿಲಲ್ಲಿ ನಿಂತು ಬಂದೆ ಅನ್ನುವುದನ್ನು ಬಿಡಲಿಲ್ಲ.

ಐದನೇ ವರ್ಷ ಅವರ ಮಗಳಿಗೆ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ಅಣ್ಣ. ಒಬ್ಬನೇ ಬಂದಿದ್ದ. ಕೈಯಲ್ಲಿ ಅರಿಶಿಣ ಹಚ್ಚಿದ ಲಗ್ನಪತ್ರಿಕೆ. ತುಂಬಾ ಮುದುಕನಾಗಿದ್ದ, ಅಥವಾ ಅಷ್ಟು ಹತ್ತಿರದಿಂದ, ಮಗ್ಗ ಇಲ್ಲದೆ, ನಾನು ಅವನನ್ನು ನೋಡಿ ಬಹಳ ದಿನವಾಗಿತ್ತು.

"ಬಾ ಅಣ್ಣಾ" ಅಂದೆ. ಬಂದ. ಇದ್ದ ಒಂದು ಕುರ್ಚಿಯಲ್ಲಿ ಕೂತ. ಪತ್ರಿಕೆಯನ್ನು ಟೇಬಲ್ ಮೇಲೆ ಇಟ್ಟ. ನಾನು ಊಟಕ್ಕೆ ಬಡಿಸಿದೆ, ಉಂಡ. ಗಂಡು ಯಾವ ಊರು, ಏನು ಕೆಲಸ, ಮದುವೆ ಎಲ್ಲಿ ಅಂತ ಕೇಳುತ್ತಾ ಹೋದೆ. ಪತ್ರಿಕೆಯಲ್ಲಿ ಎಲ್ಲಾ ಇತ್ತು, ಆದರೂ ಕೇಳಿದೆ. ಅವನು ಕೆಲವಕ್ಕೆ ತಲೆ ಆಡಿಸಿದ, ಕೆಲವಕ್ಕೆ ಇಲ್ಲ. ಕೈ ತೊಳೆದು ಬಂದು ಕೋಣೆಯನ್ನು ಸುತ್ತ ನೋಡಿದ. ಒಲೆ, ಹಾಸಿಗೆ, ಗೋಡೆಯ ಮೇಲಿನ ಅಪ್ಪ ಅಮ್ಮನ ಫೋಟೋ. ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತ.

ಆಮೇಲೆ ಬಾಗಿಲ ಕಡೆ ತಿರುಗಿ, ಹೊರಗಿನ ಬಿಸಿಲು ನೋಡುತ್ತಾ ಹೇಳಿದ.

"ಬಸ್ಸಿಗೆ ಒತ್ತಾಯ್ತು."

ಅದು ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. "ಊಂ, ಒತ್ತಾಯ್ತು ಅಣ್ಣಾ" ಅಂದೆ, ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಬಸ್ ಸ್ಟಾಪ್ ತನಕ ನಡೆದೆ.